ತಣ್ಣಗಾಗದೆ ಚುಕ್ಕಿ ಹುಟ್ಟುವುದಿಲ್ಲ

ಮೇ ತಿಂಗಳ ಒಂದು ಭಾನುವಾರ ಸಂಜೆ ವಿಜಯಪುರದ ಒಂದು ಕಾಲೇಜಿನಲ್ಲಿ, ವಿಶ್ವದ ಮೊದಲ ಚುಕ್ಕಿಗಳ, ಅಂದರೆ ನಕ್ಷತ್ರಗಳ ಬಗ್ಗೆ ಆಡಿದ ಮಾತು ಇದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಹುಡುಗರು ಫೈಲ್ ಕಳಿಸಿ, ಬರೆದು ಕೊಡಿ ಸರ್ ಅಂದರು. ಕೇಳಿ ನೋಡಿದೆ. ಮೊದಲ ಹತ್ತು ನಿಮಿಷ ಫ್ಯಾನಿನ ಸದ್ದು, ಆಮೇಲೆ ಪೂರ್ತಿ ಹೊರಗಿನ ಆಟೋ, ಟ್ರ್ಯಾಕ್ಟರ್ ಸದ್ದು. ಹಾಗಾಗಿ ಒಂದಿಷ್ಟನ್ನು ನೆನಪಿನಿಂದ ಬರೆದಿದ್ದೇನೆ. ಅಲ್ಲಿ ಹೇಳಿದ ಒಂದು ಲೆಕ್ಕ ತಪ್ಪಿತ್ತು, ಅದನ್ನು ತಿದ್ದಿದ್ದೇನೆ.

ಹತ್ತೇ ನಿಮಿಷಕ್ಕೆ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು, ಫ್ಯಾನ್ ನಿಂತಿತು, ಎರಡು ರಾತ್ರಿ ಕೂತು ಮಾಡಿದ್ದ ಸ್ಲೈಡುಗಳು ಲ್ಯಾಪ್‌ಟಾಪಿನಲ್ಲೇ ಉಳಿದವು. ಈಗ ಅನ್ನಿಸುತ್ತೆ, ಒಳ್ಳೇದೇ ಆಯಿತು. ಬಾಗಿಲ ಪಕ್ಕ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನೀರು ತುಂಬಿದ ಒಂದು ಮಣ್ಣಿನ ಹರವಿ ಇತ್ತು, ಅದರ ಪಕ್ಕ ಒಂದು ಸ್ಟೀಲ್ ಕೊಡ. ಅವೆರಡನ್ನೇ ತೋರಿಸಿ ಮಾತಾಡಿದೆ.

ಹೊರಗೆ 42 ಡಿಗ್ರಿ ಬಿಸಿಲು. ಕೊಡದ ನೀರು ಬೆಚ್ಚಗೆ, ಹರವಿಯ ನೀರು ತಣ್ಣಗೆ. ಯಾಕೆ ಅಂತ ಕೇಳಿದೆ. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ಮಣ್ಣಿನ್ಯಾಗ ಸಣ್ಣ ಸಣ್ಣ ತೂತ ಇರ್ತಾವ್ರಿ ಸರ್. ಅದರಾಗಿಂದ ನೀರು ಜಿನುಗತದ. ಅದು ಆರೂಮುಂದ ಒಳಗಿನ ಕಾವು ತಗೊಂಡ ಹೋಗ್ತದ."

ಅಷ್ಟೇ. ನಾನು ಒಂದು ಗಂಟೆ ಹೇಳಬೇಕೆಂದಿದ್ದರ ತಿರುಳು ಅವಳು ಹೇಳಿದ ಆ ಕೊನೇ ಮಾತಿನಲ್ಲಿದೆ. ಒಳಗಿನ ಕಾವಿಗೆ ಹೊರಗೆ ಹೋಗೋ ದಾರಿ ಬೇಕು. ನಕ್ಷತ್ರ ಅಂದರೆ ಬೆಂಕಿ ಅಂತ ಎಲ್ಲರಿಗೂ ಗೊತ್ತು, ಆದರೆ ಆ ಬೆಂಕಿ ಹತ್ತಬೇಕಾದರೆ ಮೊದಲು ಅನಿಲ ತಣ್ಣಗಾಗಬೇಕು. ವಿಶ್ವದ ಮೊದಲ ನಕ್ಷತ್ರಗಳ ಕಷ್ಟ ಏನಿತ್ತು ಅಂದರೆ, ಆಗ ಎಲ್ಲ ಕಡೆ ಇದ್ದದ್ದು ಸ್ಟೀಲ್ ಕೊಡ. ಹರವಿ ಇರಲಿಲ್ಲ.

ಶುರುವಿನಿಂದ ಹೇಳುತ್ತೇನೆ, ಆದರೆ ಬೇಗ ಬೇಗ. ಮಹಾಸ್ಫೋಟ ಆಗಿ ಸುಮಾರು 1380 ಕೋಟಿ ವರ್ಷ ಆಯಿತು. ಮೊದಲ ಕೆಲವೇ ನಿಮಿಷಗಳಲ್ಲಿ ಅಡುಗೆ ಮುಗಿದುಹೋಗಿತ್ತು. ತೂಕದ ಲೆಕ್ಕದಲ್ಲಿ ನೂರಕ್ಕೆ 75 ಪಾಲು ಹೈಡ್ರೋಜನ್, 25 ಪಾಲು ಹೀಲಿಯಂ, ಒಗ್ಗರಣೆಗೂ ಸಾಲದಷ್ಟು ಲಿಥಿಯಂ. ಇಂಗಾಲ ಇಲ್ಲ, ಆಮ್ಲಜನಕ ಇಲ್ಲ, ಕಬ್ಬಿಣ ಇಲ್ಲ, ಧೂಳಂತೂ ಇಲ್ಲವೇ ಇಲ್ಲ. ವಿಜಯಪುರದಲ್ಲಿ ಧೂಳಿಲ್ಲದ ಜಗತ್ತನ್ನು ಊಹಿಸಿಕೊಳ್ಳಿ ಅಂದಾಗ ಎಲ್ಲರೂ ನಕ್ಕರು. ಈ ಧೂಳನ್ನು ಮಾತ್ರ ಮರೀಬೇಡಿ, ಮುಂದೆ ಬರುತ್ತೆ.

ಸುಮಾರು 3 ಲಕ್ಷ 80 ಸಾವಿರ ವರ್ಷ ಎಲ್ಲವೂ ಕಾದ ಮಂಜಿನ ಥರ ಇತ್ತು. ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ತಿರುಗುತ್ತಿದ್ದವು, ಬೆಳಕು ನಾಲ್ಕು ಹೆಜ್ಜೆ ನೆಟ್ಟಗೆ ಹೋಗೋಕೆ ಬಿಡುತ್ತಿರಲಿಲ್ಲ. ವಿಶ್ವ ಹಿಗ್ಗುತ್ತಾ ಹಿಗ್ಗುತ್ತಾ ಸುಮಾರು 3000 ಡಿಗ್ರಿಗೆ ಇಳಿದಾಗ ಎಲೆಕ್ಟ್ರಾನುಗಳು ಪ್ರೋಟಾನುಗಳ ಜೊತೆ ಸೇರಿ ಪರಮಾಣುಗಳಾದವು. ಯಾವ ಬಿಸಿಯಲ್ಲಿ ಎಷ್ಟು ಎಲೆಕ್ಟ್ರಾನುಗಳು ಬಿಡಿಯಾಗಿರುತ್ತವೆ ಅಂತ ಹೇಳುವ ಸೂತ್ರ ಕೊಟ್ಟವರು ನಮ್ಮ ಮೇಘನಾದ ಸಹಾ, 1920ರಲ್ಲಿ. ಮಂಜು ಕರಗಿತು, ಬೆಳಕು ಹೊರಟಿತು. ಆ ಬೆಳಕು ಇವತ್ತಿಗೂ ಬರುತ್ತಿದೆ, ಹಿಗ್ಗಿ ಹಿಗ್ಗಿ ಮೈಕ್ರೋವೇವ್ ಆಗಿದೆ. 1964ರಲ್ಲಿ ಅಮೆರಿಕದ ಹೋಲ್ಮ್‌ಡೆಲ್‌ನಲ್ಲಿ ಪೆನ್ಸಿಯಾಸ್ ಮತ್ತು ವಿಲ್ಸನ್ ಇದನ್ನು ಮೊದಲು ಹಿಡಿದಾಗ, ಆಂಟೆನಾದೊಳಗೆ ಪಾರಿವಾಳ ಹಿಕ್ಕೆ ಹಾಕಿದ್ದರಿಂದ ಈ ಗದ್ದಲ ಬರ್ತಿದೆ ಅಂದುಕೊಂಡು ತಿಕ್ಕಿ ತೊಳೆದಿದ್ದರು. ತೊಳೆದರೂ ಗದ್ದಲ ಹೋಗಲಿಲ್ಲ. 1978ರಲ್ಲಿ ನೊಬೆಲ್ ಬಂತು.

ಇಲ್ಲಿ ಗೋಲಗುಂಬಜ್ ಬರಲೇಬೇಕು, ಅದನ್ನು ಬಿಟ್ಟು ಈ ಊರಲ್ಲಿ ಭಾಷಣ ಮಾಡಿದರೆ ಜನ ಬಿಡ್ತಾರಾ? ಆ ಹಳೇ ಬೆಳಕು ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಒಂದೇ ಸಮ ಬರುತ್ತೆ. ಅಂದರೆ ಆಗಿನ ವಿಶ್ವ ಅಷ್ಟು ನುಣುಪು. ಏರುಪೇರು ಇದ್ದದ್ದು ಲಕ್ಷಕ್ಕೆ ಒಂದರಷ್ಟು ಮಾತ್ರ, ಇದನ್ನು ಕೋಬೆ ಉಪಗ್ರಹ ನೋಡಿದ್ದು 1992ರಲ್ಲಿ ಪ್ರಕಟವಾಯಿತು. ಗುಂಬಜಿನ ಅಡ್ಡಳತೆ ಸುಮಾರು 44 ಮೀಟರ್. ಅದನ್ನು ಅಷ್ಟೇ ನುಣುಪಾಗಿ ಕಟ್ಟಿದ್ದರೆ, ಅದರ ಮೇಲಿನ ಉಬ್ಬುತಗ್ಗು ಎಷ್ಟಿರುತ್ತಿತ್ತು? ಸಭೆಯಲ್ಲಿ ನಾನು ಜೋಳದ ಕಾಳಿನಷ್ಟು ಅಂದುಬಿಟ್ಟೆ. ಮನೆಗೆ ಬಂದು ಲೆಕ್ಕ ಹಾಕಿದರೆ ಅರ್ಧ ಮಿಲಿಮೀಟರೂ ಇಲ್ಲ. ಜೋಳದ ಕಾಳಿನ ಹತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಉಬ್ಬಿನಿಂದ ಮುಂದೆ ನಕ್ಷತ್ರ, ಗ್ಯಾಲಕ್ಸಿ, ವಿಜಯಪುರ, ಎಲ್ಲ ಆಗಬೇಕಿತ್ತು.

ಆಮೇಲೆ ಕತ್ತಲೆ. ಮೊದಮೊದಲು ಆಕಾಶವೆಲ್ಲ ಹಳೇ ಬಲ್ಬಿನ ತಂತಿಯ ಹಾಗೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು, ನಿಧಾನವಾಗಿ ಕೆಂಪಾಯಿತು, ಕಣ್ಣಿಗೆ ಕಾಣದ ಅವಗೆಂಪಿಗೆ ಜಾರಿತು. ಹತ್ತಿಸೋಕೆ ಬೇರೆ ದೀಪ ಇರಲಿಲ್ಲ. ಕೋಟಿಗಟ್ಟಲೆ ವರ್ಷ ಹೀಗೇ. ಹೇಳೋಕೆ ಜಾಸ್ತಿ ಏನಿಲ್ಲ, ಕತ್ತಲೆಯಲ್ಲಿ ನಡೆದದ್ದನ್ನು ಬಿಟ್ಟರೆ.

ಕತ್ತಲೆಯಲ್ಲಿ ಕೆಲಸ ಮಾಡಿದ್ದು ಡಾರ್ಕ್ ಮ್ಯಾಟರ್. ಅದು ಏನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಆದರೆ ನಾವು ನೀವು ಆಗಿರುವ ದ್ರವ್ಯಕ್ಕಿಂತ ಅದು ಸುಮಾರು ಐದು ಪಟ್ಟು ಇದೆ. ಅದು ಬೆಳಕಿನ ಗೊಡವೆಗೇ ಹೋಗುವುದಿಲ್ಲ. ಹಾಗಾಗಿ ಸಾಮಾನ್ಯ ಅನಿಲವನ್ನು ಬೆಳಕು ತಳ್ಳಿ ತಡೆದು ನಿಲ್ಲಿಸಿದ್ದ ಕಾಲದಲ್ಲೇ ಇದು ತನ್ನಷ್ಟಕ್ಕೆ ಅಲ್ಲಲ್ಲಿ ಗುಡ್ಡೆಯಾಗೋಕೆ ಶುರು ಮಾಡಿತ್ತು. ಮಳೆಗಾಲಕ್ಕೆ ಮುಂಚೆಯೇ ಹೊಲದಲ್ಲಿ ಕೃಷಿಹೊಂಡ ತೋಡಿಟ್ಟ ಹಾಗೆ. ತಡೆ ತೆಗೆದ ಕೂಡಲೇ ಆ ಗುಡ್ಡೆಗಳ ಗುರುತ್ವ ಎಳೆದು, ಅನಿಲ ಹೊಂಡಕ್ಕೆ ನೀರಿನ ಹಾಗೆ ಅಲ್ಲಿಗೆ ಇಳಿಯಿತು. ಮಹಾಸ್ಫೋಟವಾಗಿ 10ರಿಂದ 20 ಕೋಟಿ ವರ್ಷದ ಹೊತ್ತಿಗೆ, ಸೂರ್ಯನ ಕೆಲವು ಲಕ್ಷ ಪಟ್ಟಿನಿಂದ ಹತ್ತು ಲಕ್ಷ ಪಟ್ಟು ತೂಕದ ಹೊಂಡಗಳು ಆಗಿದ್ದವು. ಇವತ್ತಿನ ಗ್ಯಾಲಕ್ಸಿಗಳ ಮುಂದೆ ಇವು ಏನೇನೂ ಅಲ್ಲ, ಆದರೆ ಮೊದಲ ದೀಪ ಹತ್ತಿದ್ದು ಇಂಥ ಸಣ್ಣ ಹೊಂಡಗಳಲ್ಲೇ.

ಈಗ ಹರವಿಗೆ ಬರೋಣ.

ಅನಿಲ ಹೊಂಡಕ್ಕೆ ಬೀಳುವಾಗ ಬಿಸಿಯಾಗುತ್ತೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತಲ್ಲ, ಹಾಗೆ. ಸುಮಾರು 1000 ಡಿಗ್ರಿ ಆಗುತ್ತೆ ಅಂತಿಟ್ಟುಕೊಳ್ಳಿ. ಬಿಸಿ ಅನಿಲ ಹೊರಗೆ ತಳ್ಳುತ್ತೆ, ಗುರುತ್ವ ಒಳಗೆ ಎಳೆಯುತ್ತೆ. ಇಬ್ಬರ ಬಲವೂ ಸಮ ಆದರೆ ಅನಿಲ ಅಲ್ಲೇ ಸುಮ್ನೆ ನಿಂತುಬಿಡುತ್ತೆ, ನಕ್ಷತ್ರ ಆಗೋದಿಲ್ಲ. ಗುರುತ್ವ ಗೆಲ್ಲಬೇಕಾದರೆ ಎಷ್ಟು ಅನಿಲ ಒಂದೆಡೆ ಸೇರಬೇಕು ಅನ್ನುವ ಲೆಕ್ಕ ಹಾಕಿದವರು ಜೇಮ್ಸ್ ಜೀನ್ಸ್, 1902ರಲ್ಲಿ. ಲೆಕ್ಕದ ಸಾರ ಇಷ್ಟು: ಬಿಸಿ ಜಾಸ್ತಿಯಾದಷ್ಟೂ ಬೇಕಾಗುವ ಅನಿಲವೂ ಜಾಸ್ತಿ.

ಹಾಗಾದರೆ ಬಿಸಿ ಇಳಿಯಬೇಕು. ಇವತ್ತಿನ ಆಕಾಶದಲ್ಲಿ ಅದು ಸುಲಭ. ಮೋಡಗಳಲ್ಲಿ ಇಂಗಾಲ ಇದೆ, ಆಮ್ಲಜನಕ ಇದೆ, ಮಸಿಯಷ್ಟು ನವಿರಾದ ಧೂಳು ಇದೆ. ಇವೆಲ್ಲ ಹರವಿಯ ತೂತುಗಳ ಥರ, ಕಾವನ್ನು ಸಣ್ಣ ಸಣ್ಣ ಕಂತಿನಲ್ಲಿ ಅವಗೆಂಪು ಬೆಳಕಾಗಿ ಹೊರಗೆ ಕಳಿಸುತ್ತವೆ. ಅದಕ್ಕೇ ಈಗಿನ ಮೋಡಗಳು ಸೊನ್ನೆಗಿಂತ 260 ಡಿಗ್ರಿಯಷ್ಟು ಕೆಳಗೂ ಇಳಿಯುತ್ತವೆ. ಆಗ ಇದ್ದದ್ದು ಹೈಡ್ರೋಜನ್, ಹೀಲಿಯಂ ಎರಡೇ. ಒಂಟಿ ಹೈಡ್ರೋಜನ್ ಪರಮಾಣು ಬೆಳಕು ಬಿಟ್ಟು ತಣ್ಣಗಾಗಬೇಕಾದರೆ ಅದಕ್ಕೆ ಹತ್ತು ಸಾವಿರ ಡಿಗ್ರಿಯ ಹತ್ತಿರ ಬಿಸಿ ಬೇಕು. ಅದಕ್ಕಿಂತ ಕೆಳಗೆ ಅದು ಸ್ಟೀಲ್ ಕೊಡ.

ಹೊರಗೆ ಹೋಗೋಕೆ ಒಂದೇ ಒಂದು ಕಿಂಡಿ ಇತ್ತು. ಎರಡು ಹೈಡ್ರೋಜನ್ ಪರಮಾಣು ಜೋಡಿಯಾಗಿ ಅಣುವಾದರೆ, ಆ ಜೋಡಿ ಬುಗುರಿಯ ಹಾಗೆ ತಿರುಗಬಲ್ಲದು. ಬೇರೆ ಪರಮಾಣು ಬಂದು ಡಿಕ್ಕಿ ಹೊಡೆದರೆ ಅದರ ಓಟದ ಶಕ್ತಿ ಈ ಜೋಡಿಯ ತಿರುಗಾಟಕ್ಕೆ ಹೋಗುತ್ತೆ, ಸ್ವಲ್ಪ ಹೊತ್ತಾದ ಮೇಲೆ ಜೋಡಿ ಅವಗೆಂಪು ಬೆಳಕು ಬಿಟ್ಟು ನಿಧಾನವಾಗುತ್ತೆ, ಬೆಳಕು ಮೋಡ ದಾಟಿ ಹೊರಟುಹೋಗುತ್ತೆ. ಅಷ್ಟು ಕಾವು ಇಳಿಯಿತು.

ಆದರೆ ಈ ಜೋಡಿ ಆಗೋದೇ ಕಷ್ಟ. ಈಗ ಧೂಳಿನ ಕಣದ ಮೇಲೆ ಎರಡು ಪರಮಾಣು ಬಂದು ಕೂತು ಜೋಡಿಯಾಗುತ್ತವೆ. ಆಗ ಧೂಳಿಲ್ಲ. ಖಾಲಿ ಜಾಗದಲ್ಲಿ ಎರಡು ಪರಮಾಣು ಎದುರಾದರೆ ಸುಮ್ನೆ ಪುಟಿದು ಹೋಗುತ್ತವೆ. ಮಂಜು ಕರಗಿದಾಗ ಜೊತೆ ಸಿಗದೆ ಉಳಿದಿದ್ದ ಕೆಲವು ಬಿಡಿ ಎಲೆಕ್ಟ್ರಾನುಗಳು ಇಲ್ಲಿ ನೆರವಿಗೆ ಬಂದವು, ಕೆಲವು ಸಾವಿರ ಪರಮಾಣುಗಳಿಗೆ ಒಂದರಂತೆ. ನಮ್ಮ ಕಡೆ ಬೀಗತನ ಕೂಡಿಸುವವರು ಇರುತ್ತಾರಲ್ಲ, ಅದೇ ಕೆಲಸ. ಎಲೆಕ್ಟ್ರಾನ್ ಮೊದಲು ಒಂದು ಹೈಡ್ರೋಜನ್ನಿಗೆ ಅಂಟಿಕೊಳ್ಳುತ್ತೆ. ಆಗ ಅದು ಇನ್ನೊಂದು ಹೈಡ್ರೋಜನ್ನನ್ನು ಸುಲಭವಾಗಿ ಹಿಡಿದುಕೊಳ್ಳುತ್ತೆ. ಜೋಡಿಯಾದ ಕೂಡಲೇ ಎಲೆಕ್ಟ್ರಾನ್ ಬಿಡಿಸಿಕೊಂಡು ಮುಂದಿನ ಮನೆಗೆ ಹೋಗುತ್ತೆ. ಊಟಕ್ಕೂ ನಿಲ್ಲೋದಿಲ್ಲ.

ಹೀಗೆ ಮಾಡಿದರೂ ಸಾವಿರಕ್ಕೆ ಒಂದರ ಆಸುಪಾಸು ಜೋಡಿ ಆಗುತ್ತಿದ್ದವು. ಆದರೆ ಅಷ್ಟು ಸಾಕಾಯಿತು. ಅನಿಲ ಸಾವಿರ ಡಿಗ್ರಿಯಿಂದ ಇಳಿದು ಸೊನ್ನೆಗಿಂತ 70 ಡಿಗ್ರಿ ಕೆಳಗೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಈ ಕಿಂಡಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಷ್ಟು ನಿಧಾನದ ಡಿಕ್ಕಿಗೆ ಜೋಡಿಗಳು ತಿರುಗೋದೇ ಇಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಚೆಂದದ ಜಾಗ ಇದು. ಹೈಡ್ರೋಜನ್ ಅಣುವಿನ ತಿರುಗಾಟಕ್ಕೆ ಬೇಕಾದ ಕನಿಷ್ಠ ಶಕ್ತಿ ಎಷ್ಟು ಅನ್ನೋ ಒಂದು ಸಣ್ಣ ಅಂಕಿ, ಮೊದಲ ನಕ್ಷತ್ರಗಳು ಎಷ್ಟು ದೊಡ್ಡವಿರಬೇಕು ಅಂತ ತೀರ್ಮಾನ ಮಾಡಿಬಿಟ್ಟಿತು. ಅಷ್ಟು ಬಿಸಿಯಲ್ಲಿ ಗುರುತ್ವ ಗೆಲ್ಲಬೇಕಾದರೆ ಸುಮಾರು ಸಾವಿರ ಸೂರ್ಯರ ತೂಕದ ಅನಿಲ ಒಂದೆಡೆ ಸೇರಬೇಕಿತ್ತು. ಸೇರಿತು, ಕುಸಿಯಿತು.

ಕುಸಿದ ಮೋಡದ ನಡುವೆ ಮೊದಲು ಹುಟ್ಟಿದ್ದು ತೀರಾ ಚಿಕ್ಕ ಕೂಸು, ಸೂರ್ಯನ ನೂರರಲ್ಲಿ ಒಂದು ಪಾಲು. ಆದರೆ ಅದರ ಮೇಲೆ ಅನಿಲ ಧೋ ಅಂತ ಸುರಿಯುತ್ತಿತ್ತು. ಎಷ್ಟರವರೆಗೆ ಬೆಳೆಯಿತು? ಇಲ್ಲಿ ಲೆಕ್ಕದವರಲ್ಲೇ ಮಾತು ಬದಲಾಗಿದೆ. 2002ರ ಹೊತ್ತಿನ ಕಂಪ್ಯೂಟರ್ ಲೆಕ್ಕಗಳಲ್ಲಿ ಒಂದು ಹೊಂಡಕ್ಕೆ ಒಂದೇ ನಕ್ಷತ್ರ, ನೂರು ಸೂರ್ಯರ ಆಸುಪಾಸು ಅಂತ ಬರುತ್ತಿತ್ತು. 2011ರ ಹೊತ್ತಿಗೆ ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಕೂಸಿನ ಸುತ್ತ ತಿರುಗುವ ಅನಿಲದ ತಟ್ಟೆ ಒಡೆದು ಎರಡು ಮೂರು ಒಡಹುಟ್ಟಿದವೂ ಹುಟ್ಟಬಹುದು ಅಂತ ಕಂಡಿತು. ಕೂಸು ದೊಡ್ಡದಾಗುತ್ತಾ ತನ್ನ ಬೆಳಕಿನಿಂದಲೇ ಬೀಳುವ ಅನಿಲವನ್ನು ಊದಿ ಓಡಿಸುತ್ತೆ, ಸುಮಾರು 40 ಸೂರ್ಯರ ತೂಕಕ್ಕೇ ನಿಲ್ಲಬಹುದು ಅಂತ ಇನ್ನೊಂದು ಲೆಕ್ಕ ಬಂತು. ಹತ್ತಾರು ಸೂರ್ಯರಿಂದ ನೂರಾರು ಸೂರ್ಯರವರೆಗೆ ಅಂತ ಈಗ ಹೇಳುತ್ತಾರೆ. ಇವತ್ತು ಹುಟ್ಟುವ ನಕ್ಷತ್ರಗಳಲ್ಲಿ ಬಹುಪಾಲು ಸೂರ್ಯನಿಗಿಂತ ಚಿಕ್ಕವು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ.

ನೂರು ಸೂರ್ಯರ ತೂಕದ ಅಂಥ ನಕ್ಷತ್ರದ ಮೈ ಸುಮಾರು ಒಂದು ಲಕ್ಷ ಡಿಗ್ರಿ. ಸೂರ್ಯನದು ಐದೂವರೆ ಸಾವಿರ. ಹೊಳಪು ಸೂರ್ಯನ ಹತ್ತು ಲಕ್ಷ ಪಟ್ಟು, ಅದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅತಿನೇರಳೆ. ಆಯಸ್ಸು ಮಾತ್ರ 30 ಲಕ್ಷ ವರ್ಷದ ಆಸುಪಾಸು, ಸೂರ್ಯನದು ಸಾವಿರ ಕೋಟಿ. ಬಾಗಲಕೋಟೆಯಿಂದ ಬಂದಿದ್ದ ನನ್ನ ಗೆಳೆಯರೊಬ್ಬರು ಹಿಂದಿನಿಂದ, "ಗಳಿಸಿದ್ದೆಲ್ಲಾ ಜಾತ್ರ್ಯಾಗ ಖರ್ಚು ಮಾಡಿದಂಗಾತು" ಅಂದರು. ಹೌದು, ಹಾಗೇ.

ಇನ್ನೊಂದು ತಮಾಷೆ ಇದೆ. ಈ ನಕ್ಷತ್ರ ಹುಟ್ಟಿದ ಕೂಡಲೇ ಅದರ ಅತಿನೇರಳೆ ಬೆಳಕು ಸುತ್ತಮುತ್ತಲಿನ ಹೈಡ್ರೋಜನ್ ಜೋಡಿಗಳನ್ನು ಒಡೆಯುತ್ತೆ. ಅಂದರೆ ತಾನು ಯಾವ ಕಿಂಡಿಯಿಂದ ಬಂತೋ ಅದನ್ನೇ ಪಕ್ಕದವರಿಗೆ ಮುಚ್ಚುತ್ತೆ. ಪಕ್ಕದ ಮೋಡಗಳು ಮತ್ತೆ ತಣ್ಣಗಾಗಬೇಕಾದರೆ ಕಾಯಬೇಕು, ಇಲ್ಲವೇ ದೊಡ್ಡ ಹೊಂಡ ಸಿಗಬೇಕು.

ಸಾವು ಬಂದಾಗ ಕೆಲವು ಸಿಡಿದವು, ಕೆಲವು ನೇರವಾಗಿ ಕಪ್ಪುಕುಳಿಯಾದವು. 140ರಿಂದ 260 ಸೂರ್ಯರ ನಡುವಿನ ತೂಕದವು ಇದ್ದಿದ್ದರೆ ಅವು ಏನೂ ಉಳಿಯದ ಹಾಗೆ ಪೂರ್ತಿ ಛಿದ್ರವಾಗುತ್ತವೆ. ಸಿಡಿದಾಗ ಹೊರಬಿದ್ದದ್ದು ಇಂಗಾಲ, ಆಮ್ಲಜನಕ, ಕಬ್ಬಿಣ, ಧೂಳು. ನಾವೆಲ್ಲ ನಕ್ಷತ್ರದ ಧೂಳು ಅನ್ನೋ ಮಾತು ವಾಟ್ಸಾಪಿನಲ್ಲಿ ಓಡಾಡಿ ಸವೆದುಹೋಗಿದೆ, ಪೂರ್ತಿ ನಿಜವೂ ಅಲ್ಲ. ಆ ಹರವಿಯ ನೀರಿನಲ್ಲಿರುವ ಆಮ್ಲಜನಕ ನಕ್ಷತ್ರದ್ದು, ಹೈಡ್ರೋಜನ್ ಮಾತ್ರ ಮೊದಲ ನಿಮಿಷಗಳದ್ದು, ಯಾವ ನಕ್ಷತ್ರದ ಹಂಗೂ ಇಲ್ಲದ್ದು. ನನಗೆ ಆ ಧೂಳಿನ ಇನ್ನೊಂದು ಕೆಲಸ ಜಾಸ್ತಿ ಇಷ್ಟ. ಅದು ಅನಿಲಕ್ಕೆ ಬೆರೆತ ಕೂಡಲೇ ಸ್ಟೀಲ್ ಕೊಡ ಹರವಿಯಾಯಿತು. ತೀರಾ ಸ್ವಲ್ಪ ಬೆರೆತರೂ ಸಾಕು, ಮೋಡ ಚೆನ್ನಾಗಿ ತಣ್ಣಗಾಗುತ್ತೆ, ಸಣ್ಣ ಸಣ್ಣ ಉಂಡೆಗಳಾಗಿ ಒಡೆಯುತ್ತೆ, ಸೂರ್ಯನಂಥ ಬಹುಕಾಲ ಬಾಳುವ ಸಣ್ಣ ನಕ್ಷತ್ರಗಳು ಹುಟ್ಟುತ್ತವೆ.

ಇದನ್ನೆಲ್ಲ ಯಾರಾದರೂ ನೋಡಿದ್ದಾರಾ? ಮೊದಲ ನಕ್ಷತ್ರ ಅಂತ ಖಾತ್ರಿಯಾಗಿ ಹೇಳುವಂಥದ್ದನ್ನು ಇನ್ನೂ ಇಲ್ಲ. 2021ರ ಡಿಸೆಂಬರ್ 25ಕ್ಕೆ ಹಾರಿದ ಜೇಮ್ಸ್ ವೆಬ್ ದೂರದರ್ಶಕ, ಮಹಾಸ್ಫೋಟವಾಗಿ 29 ಕೋಟಿ ವರ್ಷಕ್ಕೇ ಇದ್ದ ಒಂದು ಗ್ಯಾಲಕ್ಸಿಯನ್ನು ಕಂಡಿತು. ಅದು 2024ರ ಸುದ್ದಿ. ಮರುವರ್ಷ ಅದರಲ್ಲಿ ಆಮ್ಲಜನಕವೂ ಸಿಕ್ಕಿತು. ಆಮ್ಲಜನಕ ಇದೆ ಅಂದರೆ ಅಷ್ಟು ಹೊತ್ತಿಗಾಗಲೇ ಒಂದು ತಲೆಮಾರು ಬಾಳಿ ಸತ್ತಿತ್ತು ಅಂತಾಯಿತು.

ಇನ್ನೊಂದು ದಾರಿ ರೇಡಿಯೋ. ಇಲ್ಲಿ ನಮ್ಮ ಕರ್ನಾಟಕದ ಕೆರೆಗಳು ಬರುತ್ತವೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳಿದೆ. ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಬಿಡಬಲ್ಲದು, ಕುಡಿಯಲೂಬಲ್ಲದು. ಮೊದಲ ನಕ್ಷತ್ರಗಳ ಬೆಳಕು ಬಿದ್ದ ಮೇಲೆ ಸುತ್ತಲಿನ ತಣ್ಣನೆ ಹೈಡ್ರೋಜನ್ ಆ ಹಳೇ ಬೆಳಕಿನಲ್ಲಿ ಈ ಅಲೆಯನ್ನು ಕುಡಿಯೋಕೆ ಶುರು ಮಾಡುತ್ತೆ. ಆ ಅಲೆ ನಮ್ಮ ತನಕ ಬರುವಷ್ಟರಲ್ಲಿ 18 ಪಟ್ಟು ಹಿಗ್ಗಿ ಸುಮಾರು 3.8 ಮೀಟರ್ ಆಗಿರುತ್ತೆ. ಅಂದರೆ 78 ಮೆಗಾಹರ್ಟ್ಸ್, ನಮ್ಮ ಎಫ್‌ಎಂ ರೇಡಿಯೋದ 88ಕ್ಕಿಂತ ಚೂರು ಕೆಳಗೆ. ಕುಡಿದಷ್ಟು ಅಲೆ ಕಡಿಮೆಯಾಗಿ ಅಲ್ಲಿ ಒಂದು ಸಣ್ಣ ತಗ್ಗು ಕಾಣಬೇಕು. ನಮ್ಮ ಗ್ಯಾಲಕ್ಸಿಯದೇ ರೇಡಿಯೋ ಗದ್ದಲ ಅದಕ್ಕಿಂತ ಸಾವಿರಾರು ಪಟ್ಟು ಜೋರು. ಮದುವೆ ಡಿಜೆ ಮುಂದೆ ನಿಂತು ಸೊಳ್ಳೆ ಸದ್ದು ಕೇಳೋ ಕೆಲಸ.

2018ರಲ್ಲಿ ಎಡ್ಜಸ್ ಅನ್ನುವ ತಂಡ, ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಮೇಜಿನಂಥ ಆಂಟೆನಾ ಇಟ್ಟು, ಆ ತಗ್ಗು ಸಿಕ್ಕಿತು ಅಂತ ಹೇಳಿತು. ದೊಡ್ಡ ಸುದ್ದಿಯಾಯಿತು. ಆದರೆ ತಗ್ಗು ಇರಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಳ ಇತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮದೇ ಸಾರಸ್ ಅನ್ನುವ ಆಂಟೆನಾ ಕಟ್ಟಿ ಪರೀಕ್ಷೆ ಮಾಡಿದರು. ಅದರಲ್ಲಿ ಒಂದು ತೊಡಕು ನೆಲದ್ದು. ನಮ್ಮ ಎರೆ ಹೊಲ ನೆನಪಿಸಿಕೊಳ್ಳಿ: ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಎರಡು ಅಡಿಗೆ ಹಸಿ, ಅದರ ಕೆಳಗೆ ಗರಸು, ಆಮೇಲೆ ಕಲ್ಲು. ಒಂದೊಂದು ಪದರವೂ ರೇಡಿಯೋ ಅಲೆಯನ್ನು ಒಂದೊಂದು ಥರ ತಿರುಗಿಸಿ ಕಳಿಸಿ, ಇಲ್ಲದ ತಗ್ಗು ತೋರಿಸಬಹುದು. ನೀರಾದರೆ ಆಳದವರೆಗೂ ಒಂದೇ ಸಮ. ಅದಕ್ಕೆ ಅವರು 2020ರಲ್ಲಿ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ತಗ್ಗು ಅಲ್ಲಿಲ್ಲ, ಇದು ನೂರಕ್ಕೆ 95ರಷ್ಟು ಖಾತ್ರಿ. ಒಂದು ದೊಡ್ಡ ಸುದ್ದಿಯನ್ನು ಶರಾವತಿಯ ನೀರು ತೊಳೆದುಬಿಟ್ಟಿತು. ನಿಜವಾದ ತಗ್ಗಿನ ಹುಡುಕಾಟ ನಡೆದಿದೆ. ಎಫ್‌ಎಂ ಗದ್ದಲವೇ ಇಲ್ಲದ, ಚಂದ್ರನ ಆಚೆ ಬದಿಯ ಮೇಲೆ ಸುತ್ತುವ ಪ್ರತುಷ್ ಅನ್ನುವ ಉಪಕರಣದ ಯೋಜನೆಯನ್ನೂ ಅದೇ ಸಂಸ್ಥೆ ಹಾಕಿಕೊಂಡಿದೆ.

"ಆಲಮಟ್ಟಿ ಹಿನ್ನೀರು ಯಾಕ ನೆಪ್ಪಾಗಲಿಲ್ರಿ ಅವ್ರಿಗೆ?" ಅಂತ ಒಬ್ಬರು ಕೇಳಿದರು. ರೇಡಿಯೋ ಗದ್ದಲ ಕಡಿಮೆ ಇರೋ ಜಾಗ ಹುಡುಕುತ್ತಾರೆ ಅಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಮುಂದಿನ ಸಾಲಿನ ಅಜ್ಜ ಒಬ್ಬರು ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು, "ಆ ಮೊದಲಿನ ಚುಕ್ಕಿ ಈಗ ಎಲ್ಲದಾವ್ರಿ? ಒಂದರ ಕೈ ಮಾಡಿ ತೋರಸ್ರಿ" ಅಂದರು. ಅಜ್ಜಾರ, ಅವು ಸತ್ತು 1300 ಕೋಟಿ ವರ್ಷದ ಮೇಲಾಯ್ತು, ತೋರಿಸೋಕೆ ಬರಲ್ಲ, ಅವುಗಳ ಬೂದಿಯಿಂದ ಹುಟ್ಟಿದ ಮೊಮ್ಮಕ್ಕಳನ್ನು ತೋರಿಸಬಹುದು ಅಂತ ಹೇಳಿ 2014ರಲ್ಲಿ ಆಸ್ಟ್ರೇಲಿಯಾದವರು ಕಂಡ ನಕ್ಷತ್ರದ ಕಥೆ ಹೇಳಿದೆ. ಸುಮಾರು 6000 ಜ್ಯೋತಿರ್ವರ್ಷ ದೂರದ್ದು. ಅದರಲ್ಲಿ ಕಬ್ಬಿಣ ಹುಡುಕಿದರೆ ಸಿಗಲೇ ಇಲ್ಲ. ಇದ್ದರೂ ಸೂರ್ಯನಲ್ಲಿರುವುದರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಇಂಗಾಲ ಮಾತ್ರ ಇದೆ. ಅಂದಾಜು 60 ಸೂರ್ಯರ ತೂಕದ ಒಂದೇ ಒಂದು ಮೊದಲ ನಕ್ಷತ್ರ ಸಿಡಿದ ಬೂದಿಯಿಂದ ಅದು ಹುಟ್ಟಿರಬೇಕು ಅಂತ ಕಂಡವರ ಲೆಕ್ಕ.

ಆಗ ಹರವಿಯ ಹುಡುಗಿ ಮತ್ತೆ ಎದ್ದಳು. "ಸರ್, ಆಗ ಒಂದರ ಸಣ್ಣ ಚುಕ್ಕಿ ಹುಟ್ಟಿದ್ರ ಅದು ಇನ್ನೂ ಉರೀತಿರಬೇಕಲ್ರಿ?"

ಇರಬೇಕು. ಸೂರ್ಯನ ಹತ್ತರಲ್ಲಿ ಎಂಟು ಪಾಲಿಗಿಂತ ಕಡಿಮೆ ತೂಕ ಇದ್ದರೆ 1380 ಕೋಟಿ ವರ್ಷವೂ ಸಾಲದು ಅದು ಆರೋಕೆ. ತಟ್ಟೆ ಒಡೆದು ಹುಟ್ಟಿದ ಒಡಹುಟ್ಟಿದವುಗಳಲ್ಲಿ ಅಂಥದ್ದೊಂದು ಹೊರಗೆ ಎಸೆಯಲ್ಪಟ್ಟಿದ್ದರೆ ನಮ್ಮ ಗ್ಯಾಲಕ್ಸಿಯಲ್ಲೇ ಎಲ್ಲೋ ಇರಬಹುದು. ಬರೀ ಹೈಡ್ರೋಜನ್, ಹೀಲಿಯಂ ಇರುವ ನಕ್ಷತ್ರಕ್ಕಾಗಿ ಜನ ವರ್ಷಗಳಿಂದ ಹುಡುಕುತ್ತಿದ್ದಾರೆ, ಒಂದೂ ಸಿಕ್ಕಿಲ್ಲ.

"ಮ್ಯಾಲ ಧೂಳ ಕುಂತಿದ್ರ ಹೆಂಗ್ ಗುರ್ತ ಹಿಡೀತಾರ್ರಿ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಖಗೋಳದವರೇ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು. ಅಂಥ ನಕ್ಷತ್ರ ಗ್ಯಾಲಕ್ಸಿಯ ತುಂಬ ಅಲೆಯುವಾಗ ದಾರಿಯಲ್ಲಿ ಸಿಕ್ಕ ಮೋಡಗಳಿಂದ ಒಂಚೂರು ಕಬ್ಬಿಣ ಅದರ ಮೈಗೆ ಅಂಟಬಹುದು, ನಮ್ಮ ದೂರದರ್ಶಕಕ್ಕೆ ಕಾಣೋದು ಮೈಯಷ್ಟೇ, ಹೊಟ್ಟೆ ಕಾಣೋದಿಲ್ಲ. ಎಷ್ಟು ಅಂಟುತ್ತೆ ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ಕೆಲವರು ನಕ್ಷತ್ರದಿಂದ ಬೀಸುವ ಗಾಳಿಯೇ ಧೂಳನ್ನು ಹತ್ತಿರ ಬಿಡಲ್ಲ ಅನ್ನುತ್ತಾರೆ. ಇಷ್ಟು ಹೇಳೋ ಹೊತ್ತಿಗೆ ವಾಚ್‌ಮನ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಉಳಿದದ್ದನ್ನು ಆ ಹುಡುಗಿಯ ಜೊತೆ ಮೆಟ್ಟಿಲು ಇಳಿಯುತ್ತಾ ಮಾತಾಡಿದೆ. ಅದು ರೆಕಾರ್ಡ್ ಆಗಿಲ್ಲ.